ಬೇಲಿಯಾಚೆಯ ಬೆಲ್ಲದ ನೀರು

ಜನವರಿ 24, ಶನಿವಾರ

ಒಂದು ಲೋಟ ಸಕ್ಕರೆ, ನಾಲ್ಕು ಲೋಟ ನೀರು. ಕುದಿ ಬಂದೊಡನೆ ಒಲೆ ಆರಿಸಿದೆ. ತಣಿಯಲು ಬಿಟ್ಟಿದ್ದೇನೆ, ಮುಚ್ಚಳ ಹಾಕಿ. ಇಲ್ಲದಿದ್ದರೆ ಇರುವೆ. ಹಕ್ಕಿಗೆ ಸಿಹಿನೀರು ತುಂಬಿ ತೂಗುಹಾಕುವ ಫೀಡರು ಬಿಸಿನೀರಿನಲ್ಲಿ ತೊಳೆದಾಯಿತು. ಹಕ್ಕಿ ಕೊಕ್ಕು ಹಾಕುವ ತೂತುಗಳಿಗೆ ಹಳೆಯ ಟೂತ್‌ಬ್ರಷ್ಷು.

ಲೀಲಾಧರ ಬಂದು ಮುಚ್ಚಳ ಎತ್ತಿ ನೋಡಿದರು. "ಕಟ್ಟಿಕೊಂಡ ಗಂಡನಿಗೆ ಚಹಾಕ್ಕೂ ಸಕ್ಕರೆ ಇಲ್ಲ. ಹಕ್ಕಿಗೆ ಪಾಯಸ!" ಪ್ರತಿ ಸಲವೂ ಇದೇ ಮಾತು. ಪ್ರತಿ ಸಲವೂ ಈಗಷ್ಟೇ ಹೊಳೆದಂತೆ ನಗುತ್ತಾರೆ. ಶುಗರ್ ರಿಪೋರ್ಟು ಫ್ರಿಜ್ಜಿನ ಮೇಲೇ ಅಂಟಿಸಿದೆ. ತೋರಿಸಿದೆ.

ಬೇಲಿಯ ಪಕ್ಕದ ಲಿಂಬೆ ಗಿಡದಲ್ಲಿ ಗೂಡು! ಅಕ್ರೋಟಿನ ಅರ್ಧ ಚಿಪ್ಪಿನಷ್ಟು. ಜೇಡನ ಬಲೆಯ ಎಳೆ, ಪಾಚಿಯ ಚೂರು ಸೇರಿಸಿ ಕಟ್ಟಿದೆ. ಹೆಣ್ಣು ಹಮ್ಮಿಂಗ್‌ಬರ್ಡು ಒಳಗೆ ಕೂತಿದೆ, ಬಾಲ ಒಂದು ಕಡೆ, ಕೊಕ್ಕು ಒಂದು ಕಡೆ ಹೊರಗೆ. ಗಂಡು ಈ ಕೆಲಸಕ್ಕೆಲ್ಲ ಬರುವುದಿಲ್ಲ. ಕೊರಳಿನ ಗುಲಾಬಿ ಮಿಂಚು ತೋರಿಸಿ ಹೋದದ್ದಷ್ಟೇ ಅವನ ಪಾಲು. ಅಡುಗೆಮನೆಯ ಕಿಟಕಿಯಿಂದ ಚೆನ್ನಾಗಿ ಕಾಣುತ್ತದೆ. ಕುರ್ಚಿ ಅಲ್ಲಿಗೇ ಎಳೆದುಕೊಂಡೆ.

ಓದುತ್ತಿರುವುದು ನಾರ್ವೆಯ ಕಾದಂಬರಿ, ಇಂಗ್ಲಿಷಿನಲ್ಲಿ. ಅರ್ಧ ಮುಗಿದರೂ ಯಾರೂ ಯಾರಿಗೂ ಮನಸ್ಸಿನಲ್ಲಿರುವುದನ್ನು ಹೇಳಿಲ್ಲ. ಹಿತವಾಗಿದೆ.

ಜನವರಿ 27, ಮಂಗಳವಾರ

ಹೆಣ್ಣು ನಮ್ಮ ಫೀಡರಿಗೆ ಬರುವುದು ಕಡಿಮೆಯಾಗಿದೆ. ಗೂಡಿನಿಂದ ಎದ್ದು ನೇರ ಬೇಲಿಯಾಚೆ ಹೋಗುತ್ತದೆ. ಆಚೆ ಸಾಗರ್, ನಿಸರ್ಗಾ ಅವರ ಮನೆ. ಮಂಡ್ಯದವರು. ಸಾಗರನ ತಾಯಿ ಹುಚ್ಚಮ್ಮ ದಸರಾ ಮುಗಿಸಿ ಈ ದೇಶಕ್ಕೆ ಬಂದವರು ಇಲ್ಲೇ ಇದ್ದಾರೆ. ನಮ್ಮ ಫೀಡರು ನೋಡಿ ಆಸೆಪಟ್ಟು ತಮಗೂ ಒಂದು ತರಿಸಿಕೊಂಡಿದ್ದರು. ಆಗ ನನಗೆ ಖುಷಿಯೇ ಆಗಿತ್ತು.

ಇವತ್ತು ಗಾರ್ಬೇಜ್ ಡಬ್ಬಿ ಎಳೆಯುವಾಗ ಅವರ ಫೀಡರಿನೊಳಗಿನ ನೀರು ಕಂಡಿತು. ಕಂದು ಬಣ್ಣ. ಹುಚ್ಚಮ್ಮ ಪಕ್ಕದಲ್ಲೇ ನಿಂತಿದ್ದರು.

"ಅಮ್ಮ, ಇದಕ್ಕೆ ಏನು ಹಾಕಿದ್ದೀರಿ?"

"ಬೆಲ್ಲ ಕನವ್ವ. ನಮ್ಮ ಕಡೆ ಅಚ್ಚು ಬೆಲ್ಲ. ಬರೋವಾಗ ಸೂಟ್‌ಕೇಸ್ ತುಂಬ ತಂದೆ. ಈ ಮನೇಲಿ ಯಾರೂ ಮುಟ್ಟಕಿಲ್ಲ. ದುಂಬಿಹಕ್ಕಿನಾದ್ರೂ ಕುಡೀಲಿ ಅಂತ." ದುಂಬಿಹಕ್ಕಿ ಅವರಿಟ್ಟ ಹೆಸರು. "ನೀನೇನ್ ಹಾಕ್ತೀಯೆ?"

"ಸಕ್ಕರೆ."

"ಬಿಳೀ ಸಕ್ಕರೆನಾ? ಅಯ್ಯೋ, ಇಸ ಕನವ್ವ ಅದು! ಎಷ್ಟ್ ಓದ್ಕಂಡಿದ್ದೀಯೆ, ಅಷ್ಟೂ ಗೊತ್ತಿಲ್ವಾ? ಇರು, ವಸಿ ಬೆಲ್ಲ ಕೊಡ್ತೀನಿ."

ಹೇಳಬೇಕಿತ್ತು. ಬೆಲ್ಲದಲ್ಲಿ ಕಬ್ಬಿಣದ ಅಂಶವಿದೆ, ಆ ಪುಟ್ಟ ದೇಹ ಅದನ್ನು ತಾಳಲಾರದು. ಬೇಗ ಹುಳಿಯುತ್ತದೆ ಕೂಡ. ವಾಕ್ಯ ಸಿದ್ಧವಾಗಿತ್ತು, ಕರ್ತೃ ಕರ್ಮ ಕ್ರಿಯಾಪದ ಸಮೇತ. ಬಾಯಿಂದ ಬಂದದ್ದು: "ಪರವಾಗಿಲ್ಲ ಅಮ್ಮ."

ಒಂದು ಅಚ್ಚು ಬೆಲ್ಲ ಹಿಡಿದುಕೊಂಡು ಮನೆಗೆ ಬಂದೆ.

ಫೆಬ್ರವರಿ 1, ಭಾನುವಾರ

"ಸಾಗರನಿಗೆ ಒಂದು ಮೆಸೇಜ್ ಹಾಕಿದ್ರೆ ಮುಗೀತು ಮಾರಾಯ್ತಿ," ಎಂದರು ಇವರು.

ಬೇಡ ಎಂದೆ. ಮಗನ ಬಾಯಿಂದ ಬಂದರೆ ಅದು ಆರ್ಡರು. ಆ ಮನೆಯಲ್ಲಿ ಅಡುಗೆ ನಿಸರ್ಗಾಳದು, ಡಯಟ್ ಪ್ರಕಾರ. ಹುಚ್ಚಮ್ಮ ಒಲೆ ಹಚ್ಚಿ ತಮ್ಮ ಇಷ್ಟದಂತೆ ಕಾಸುವುದು ಈ ಹಕ್ಕಿಯ ನೀರೊಂದನ್ನೇ. ಬೆಳಿಗ್ಗೆ ಬೇಲಿಯಾಚೆ ಅವರ ಮಾತು ಕೇಳುತ್ತದೆ. "ಬಂದ್ಯಾ ಮಗಳೇ? ನಿಧಾನಕ್ಕೆ ಕುಡಿ, ಯಾರೂ ಕಿತ್ಕಳಕಿಲ್ಲ." ಅಂಥವರ ಬಳಿ ಹೋಗಿ ನಿಮ್ಮ ಬೆಲ್ಲ ವಿಷ ಎನ್ನುವುದು ಹೇಗೆ?

"ಹಾಗಾದ್ರೆ ನೀನೇ ಹೇಳು."

"ಹೇಳುತ್ತೇನೆ."

"ಯಾವಾಗ? ಮರಿ ಕಾಲೇಜಿಗೆ ಹೋದ ಮೇಲಾ?"

ಉಪಾಯ ಮಾಡಿದೆ. ನಮ್ಮ ಸಕ್ಕರೆ ನೀರನ್ನು ದೊಡ್ಡ ಗಾಜಿನ ಬಾಟಲಿಗೆ ತುಂಬಿಸಿ ಹುಚ್ಚಮ್ಮನವರಿಗೆ ಕೊಟ್ಟು ಬಂದೆ. "ಸ್ವಲ್ಪ ಹೆಚ್ಚಾಗಿ ಮಾಡಿದ್ದೆ, ಉಪಯೋಗವಾಗಲಿ" ಎಂದೆ. ಯಾರಿಗೂ ನೋವಿಲ್ಲ. ಹಕ್ಕಿಯೂ ಕ್ಷೇಮ. ಜಾಣತನ ಎಂದುಕೊಂಡೆ.

ಫೆಬ್ರವರಿ 4, ಬುಧವಾರ

ಬಾಟಲಿ ವಾಪಸು ಬಂತು, ತೊಳೆದು ಒರೆಸಿ.

"ಶರಬತ್ತು ಚೆಂದಾಗಿತ್ತು ಕನವ್ವ. ವಸಿ ಸಪ್ಪೆ. ನಿಂಬೆಹಣ್ಣು ಹಿಂಡ್ಕಂಡು ನಾನೂ ಸಾಗರನೂ ಕುಡುದ್ವು."

ಇವರಿಗೆ ಹೇಳಿದೆ. ಸೋಫಾದಿಂದ ಕೆಳಗೆ ಜಾರುವಷ್ಟು ನಕ್ಕರು. ನನಗೂ ನಗು ಬಂತು, ಒಪ್ಪಿಕೊಳ್ಳುತ್ತೇನೆ. ಆದರೆ ಹೆಣ್ಣು ಹಕ್ಕಿ ಇವತ್ತೂ ಬೇಲಿಯಾಚೆ ಹೋಗಿ ಬಂತು.

ಫೆಬ್ರವರಿ 8, ಭಾನುವಾರ

ಮರಿಗಳು ಹೊರಬಂದಿವೆ. ಎರಡು. ಕಪ್ಪಗೆ, ದ್ರಾಕ್ಷಿ ಒಣಗಿದಂತೆ. ತಾಯಿ ಕೊಕ್ಕನ್ನು ಗಂಟಲೊಳಗೆ ಇಳಿಸಿ ಉಣಿಸುತ್ತದೆ. ತಾನು ಕುಡಿದದ್ದನ್ನೇ ಅಲ್ಲವೇ ಅದು ಕೊಡುವುದು?

ಮೂರು ದಿನದಿಂದ ಬಿಸಿಲು ಬೇರೆ. ಫೆಬ್ರವರಿಯೆಂದು ನಂಬಲಾಗದು. ಬೇಲಿಯ ಸಂದಿಯಿಂದ ನೋಡಿದರೆ ಅವರ ಫೀಡರಿನಲ್ಲಿ ನೊರೆ.

ಸಾಗರನ ಕಾರು ಹೋಯಿತು. ದೇವಸ್ಥಾನಕ್ಕೆ, ಎಲ್ಲರೂ ಹೋದರು ಎಂದುಕೊಂಡೆ. ನಮ್ಮ ನೀರು ಒಂದು ಜಗ್ಗಿನಲ್ಲಿ ತೆಗೆದುಕೊಂಡು ಅವರ ಪಕ್ಕದ ಗೇಟು ತೆರೆದು ಒಳಗೆ ಹೋದೆ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ. ಸ್ಟೂಲು ಹತ್ತಿ ಫೀಡರು ಬಿಚ್ಚಿದೆ. ಹೆಂಡದ ವಾಸನೆ. ಗುಲಾಬಿ ಬುಡಕ್ಕೆ ಸುರಿದೆ.

"ಏನವ್ವ ಸರೋಜಿನಿ?"

ಹುಚ್ಚಮ್ಮ. ಮಂಡಿನೋವೆಂದು ಮನೆಯಲ್ಲೇ ಉಳಿದಿದ್ದರು. ಸ್ವೆಟರಿನ ಮೇಲೆ ಸೆರಗು ಹೊದ್ದು ಗಾಜಿನ ಬಾಗಿಲಲ್ಲಿ ನಿಂತಿದ್ದರು. ನಾನು ಸ್ಟೂಲಿನ ಮೇಲೆ. ಮರ್ಯಾದೆಯಿಂದ ಇಳಿಯುವ ದಾರಿಯೂ ಉಳಿದಿರಲಿಲ್ಲ.

ಆಗ ಹೇಳಿದೆ. ಅಲ್ಲೇ ನಿಂತು. "ಅಮ್ಮ, ಬೆಲ್ಲ ಈ ಹಕ್ಕಿಗೆ ಆಗುವುದಿಲ್ಲ. ಅದರಲ್ಲಿ ಕಬ್ಬಿಣದ ಅಂಶ ಇದೆ. ಮನುಷ್ಯರಿಗೆ ಒಳ್ಳೆಯದು, ಇಷ್ಟು ಸಣ್ಣ ಜೀವಕ್ಕೆ ಅಲ್ಲ. ಹುಳಿಯೂ ಬರುತ್ತದೆ. ಈಗ ಮರಿಗಳಿವೆ."

"ಇದು ನಿಂಗ್ಯಾವಾಗ ಗೊತ್ತಾಯ್ತು?"

"ಮೊದಲಿಂದ ಗೊತ್ತಿತ್ತು."

"ಗೊತ್ತಿದ್ದೂ ನನ್ ಕೈಲಿ ಹಾಕಿಸ್ದೆ."

ಖಾಲಿ ಫೀಡರು ಹಿಡಿದುಕೊಂಡೇ ಸ್ಟೂಲಿನಿಂದ ಇಳಿದೆ.

"ನಮ್ಮನೇಲೂ ಹಿಂಗೇಯ. ನಾನ್ ಮಾಡಿದ್ ಸಾರು ಯಾರೂ ಬ್ಯಾಡ ಅನ್ನಕಿಲ್ಲ. ಸೂಪರ್ ಅಂತಾರೆ. ನಾನ್ ಮಲಗಿದ್ ಮ್ಯಾಲೆ ಸಿಂಕಿಗೆ ಸುರೀತಾರೆ. ನಂಗೊತ್ತಾಗಕಿಲ್ವಾ? ನೀನೂ ಹಂಗೇ ಸುರಿಯಾಕೆ ಬಂದೆ."

ಬಾಗಿಲು ಎಳೆದುಕೊಂಡರು. ಮೆಲ್ಲಗೆ. ಬಡಿದಿದ್ದರೆ ವಾಸಿಯಿತ್ತು.

ಫೆಬ್ರವರಿ 9, ಸೋಮವಾರ

ಅವರ ಕೊಕ್ಕೆಯಲ್ಲಿ ಫೀಡರಿಲ್ಲ. ಹೆಣ್ಣು ಈಗ ನಮ್ಮದಕ್ಕೇ ಬರುತ್ತಿದೆ. ನನಗೆ ಬೇಕಾಗಿದ್ದುದು ಇದೇ.

ಬೆಳಿಗ್ಗೆ ಬೇಲಿಯಾಚೆ ಸದ್ದಿಲ್ಲ.

ಫೆಬ್ರವರಿ 12, ಗುರುವಾರ

ಮುಂಬಾಗಿಲಿಗೆ ಹೋಗಿ ಬೆಲ್ ಒತ್ತಿದೆ. ನಿಸರ್ಗಾ ಬಂದಳು. "ಅತ್ತೆ ಮಲ್ಗಿದಾರೆ ಆಂಟಿ. ಏನಾದ್ರೂ ಅರ್ಜೆಂಟಾ?" ಹಿಂದೆ ಟಿವಿಯಲ್ಲಿ ಸೀರಿಯಲ್ಲು, ಚಾನೆಲ್ಲು ಬದಲಾಗುತ್ತಿತ್ತು. ಮಲಗಿದವರು ಚಾನೆಲ್ಲು ಬದಲಿಸುವುದಿಲ್ಲ. ಏನಿಲ್ಲ ಎಂದು ಬಂದೆ. ಮತ್ತೆ ಅದೇ, ಏನಿಲ್ಲ.

ನಾರ್ವೆಯ ಕಾದಂಬರಿ ಮುಗಿಯಿತು. ಕೊನೆಯವರೆಗೂ ಯಾರೂ ಏನೂ ಹೇಳಲಿಲ್ಲ. ಅನುವಾದ ಚೆನ್ನಾಗಿದೆ. ಆ ಜನರನ್ನು ಹಿಡಿದು ಅಲುಗಾಡಿಸಬೇಕು ಎನಿಸಿತು.

ಫೆಬ್ರವರಿ 15, ಭಾನುವಾರ, ಶಿವರಾತ್ರಿ

ಮಧ್ಯಾಹ್ನ ನಮ್ಮ ಪಕ್ಕದ ಗೇಟು ಕಿರುಗುಟ್ಟಿತು. ಹುಚ್ಚಮ್ಮ, ಕೈಯಲ್ಲಿ ಸ್ಟೀಲು ಡಬ್ಬಿ. ನಾನು ಬಾಯಿ ತೆರೆಯುವ ಮೊದಲೇ ಟೇಬಲ್ಲಿನ ಮೇಲಿಟ್ಟರು. ತಂಬಿಟ್ಟು. ಹುರಿಗಡಲೆ ಹಿಟ್ಟು, ಎಳ್ಳು, ಕೊಬ್ಬರಿ, ಆ ಅಚ್ಚು ಬೆಲ್ಲದ ಪಾಕ.

"ತಿನ್ನು. ನನ್ ಮುಂದೇಯ."

ಕಚ್ಚಿದೆ. ಹಲ್ಲು ಇಳಿಯಲಿಲ್ಲ. ದವಡೆಗೆ ತಳ್ಳಿ ಮತ್ತೆ ಕಚ್ಚಿದೆ.

"ಹೆಂಗದೆ? ಪುಸ್ತಕದ್ ಮಾತು ಬ್ಯಾಡ."

ನನ್ನ ಮಂಗಳೂರು ಕನ್ನಡ ಅವರಿಗೆ ಪುಸ್ತಕದ ಮಾತು. ಇನ್ನೊಂದು ನನಗೆ ಬಾರದು. ಚೆನ್ನಾಗಿದೆ ಎನ್ನುವ ಶಬ್ದ ನಾಲಿಗೆಯ ತುದಿಯಲ್ಲೇ ಇತ್ತು, ತಯಾರಾಗಿ, ಇಸ್ತ್ರಿ ಮಾಡಿದ ಅಂಗಿಯಂತೆ.

"ಪಾಕ ಏರಿದೆ ಅಮ್ಮ. ಕಲ್ಲಾಗಿದೆ. ಹಲ್ಲಿಗೆ ಕಷ್ಟ."

ನನ್ನ ಮುಖವನ್ನೇ ನೋಡಿದರು. ತಾವೂ ಒಂದು ತೆಗೆದುಕೊಂಡು ಕಚ್ಚಿದರು. ಅಗಿದರು. ಬಹಳ ಹೊತ್ತು ಅಗಿದರು.

"ಹೂಂ. ಕಲ್ಲೇ ಆಗ್ಬುಟ್ಟದೆ." ಆಮೇಲೆ ನಗು, ಭುಜವೆಲ್ಲ ಕುಣಿಯುವ ಹಾಗೆ. "ಬೆಳಗ್ಗಿಂದ ಮನೇರೆಲ್ಲ ತಿಂದವ್ರೆ. ಎಲ್ರೂ ಸೂಪರ್ ಅಂದವ್ರೆ! ಹಲ್ಲು ಮುರುದ್ರೂ ಸೂಪರ್ರೇ ಅಂತ ಕಾಣ್ತದೆ ಇವರ್ಗೆ."

"ಅವತ್ತು ನಿಮ್ಮಲ್ಲಿ ಕೇಳದೆ ಬಂದದ್ದು ತಪ್ಪು," ಎಂದೆ. "ಹೇಳಬೇಕಿತ್ತು."

"ಹೇಳ್ದಲ್ಲ. ಸ್ಟೂಲ್ ಮ್ಯಾಲೆ ನಿಂತ್ಕಂಡು. ಭಾಷಣ ಮಾಡೋರಂಗೆ." ಸೆರಗಿನಿಂದ ಕಣ್ಣೊರೆಸಿಕೊಂಡರು. "ನಡಿ ಈಗ. ನಿನ್ ಬಿಳೀ ನೀರು ಕಾಸಾದೆಂಗೆ ತೋರ್ಸು. ನಿನ್ ಮನೇಲಲ್ಲ. ನನ್ ಒಲೇಲಿ."

ಅವರ ಒಲೆಯಲ್ಲಿ ಕಾಸಿದೆವು. ನಿಸರ್ಗಾ ಬಂದು ನೋಡಿ, "ಅತ್ತೆ, ಇಷ್ಟೊಂದ್ ಶುಗರ್ರಾ?" ಎಂದಳು.

"ನಿಂಗಲ್ಲ ಕನವ್ವ, ಹಕ್ಕಿಗೆ. ಆಮೇಲೆ ನೋಡು, ನಾನ್ ಮಾಡಿದ್ ತಂಬಿಟ್ಟು ಕಲ್ಲಾಗ್ಬುಟ್ಟದಂತೆ. ನೀನ್ಯಾಕೆ ಹೇಳ್ನಿಲ್ಲ?"

ನಿಸರ್ಗಾ ನನ್ನನ್ನು ನೋಡಿದಳು. ಅತ್ತೆಯನ್ನು ನೋಡಿದಳು. "ನಿಮಗೆ ಬೇಜಾರಾಗುತ್ತೇನೋ ಅಂತ…"

"ಆಗ್ತದೆ. ಆಗ್ಲಿ ಬುಡು."

ಮನೆಗೆ ಬಂದರೆ ಇವರು ಎರಡು ತಂಬಿಟ್ಟು ಮುಗಿಸಿ ಮೂರನೆಯದನ್ನು ಹಾಲಿನಲ್ಲಿ ನೆನೆಹಾಕಿ ಕೂತಿದ್ದರು. "ಹೀಗೆ ತಿಂದ್ರೆ ಭಾರೀ ಲಾಯ್ಕ್." ಹಬ್ಬ. ಫ್ರಿಜ್ಜಿನ ರಿಪೋರ್ಟು ತೋರಿಸಲಿಲ್ಲ.

ಫೆಬ್ರವರಿ 22, ಭಾನುವಾರ

ಮಳೆ ನಿಂತು ಆಕಾಶ ತೊಳೆದಂತಿದೆ. ಎರಡು ಮನೆಯ ನೀರೂ ಈಗ ಒಂದೇ ಬಣ್ಣ, ಅಂದರೆ ಬಣ್ಣವೇ ಇಲ್ಲ. ಹೆಣ್ಣು ಎರಡೂ ಕಡೆ ಕುಡಿಯುತ್ತದೆ. ಹುಚ್ಚಮ್ಮನವರ ಲೆಕ್ಕದಲ್ಲಿ ಅವರ ಕಡೆಯೇ ಹೆಚ್ಚು. ಇಲ್ಲ, ಸಮ ಎಂದೆ. "ನೀನೊಂದು!" ಎಂದು ಬೈದರು. ಹಿತವಾದ ಬೈಗುಳ.

ಮರಿಗಳಿಗೆ ಗೂಡು ಸಾಲುತ್ತಿಲ್ಲ. ಒಂದರ ಮೇಲೊಂದು ಒತ್ತಿಕೊಂಡು, ಕೊಕ್ಕು ಮೇಲಕ್ಕೆ, ಎರಡು ಮುಳ್ಳು ನೆಟ್ಟಂತೆ.

ಮಾರ್ಚ್ 1, ಭಾನುವಾರ, ಬೆಳಿಗ್ಗೆ

ನಿನ್ನೆ ಒಂದು ಮರಿ ಹಾರಿಹೋಯಿತು. ಯಾರೂ ನೋಡಲಿಲ್ಲ. ಸಂಜೆ ಹೊತ್ತಿಗೆ ಗೂಡಿನಲ್ಲಿ ಒಂದೇ ಕೊಕ್ಕು. ಹುಚ್ಚಮ್ಮನವರಿಗೆ ನನ್ನ ಮೇಲೆ ಕೋಪ. "ಕಿಟಕೀಲೇ ಕೂತಿರ್ತೀಯೆ, ಒಂದು ಕೂಗು ಹಾಕಬಾರ್ದಾ?" ನಾನೂ ನೋಡಲಿಲ್ಲ ಎಂದೆ. ನಿಜವೇ, ಆಗ ಮನೆಯ ಬಿಲ್ಲುಗಳಲ್ಲಿ ಮುಳುಗಿದ್ದೆ. ಅವರು ನಂಬಿದರು. ನಾನು ಹೇಳಿದ್ದನ್ನು ಈಗ ನಂಬುತ್ತಾರೆ.

ಕಾಫಿ ಹಿಡಿದು ಕಿಟಕಿಯ ಬಳಿ ಬರೆಯುತ್ತಿದ್ದೇನೆ. ಇವರಿನ್ನೂ ಎದ್ದಿಲ್ಲ. ಹೊಸ ಪುಸ್ತಕ ಪೋರ್ಚುಗಲ್ಲಿನದು. ಮೊದಲ ಪುಟದಲ್ಲೇ ಒಂದು ಜಗಳ.

ಎರಡನೆಯ ಮರಿ ಗೂಡಿನ ಅಂಚಿಗೆ ಬಂದಿದೆ. ರೆಕ್ಕೆ ಬಡಿಯುತ್ತಿದೆ, ಕಾಲು ಮಾತ್ರ ಬಿಡುತ್ತಿಲ್ಲ. ತಾಯಿ ಎದುರಿನ ತಂತಿಯ ಮೇಲೆ ಕೂತು ನೋಡುತ್ತಿದೆ.

ಬೇಲಿಯಾಚೆ ಬಾಗಿಲು ತೆರೆದಿದೆ. ಒಳಗೆ ಒಗ್ಗರಣೆಯ ಸದ್ದು. ಫೋನ್ ಮಾಡಿದರೆ ಅವರು ಕನ್ನಡಕ ಹುಡುಕಿ ಎತ್ತುವಷ್ಟರಲ್ಲಿ ಮುಗಿದಿರುತ್ತದೆ. ಕೂಗಬೇಕು. ಇಲ್ಲಿಂದಲೇ, ಬೀದಿಗೆಲ್ಲ ಕೇಳುವ ಹಾಗೆ. ನಾನು ಹಾಗೆ ಕೂಗಿದ್ದು ಯಾವಾಗ… ಕೂಗಿದ್ದೇ ಇಲ್ಲ.

ಒಂದು ಕಾಲು ಬಿಟ್ಟಿತು. ಕಿಟಕಿ ತೆರೆದೆ. ಹುಚ್ಚಮ್ಮನವರೇ ಎಂದರೆ ತೀರಾ ಉದ್ದವಾಯಿತು, ಅಷ್ಟರಲ್ಲಿ ಹಾರಿಬಿಡುತ್ತದೆ. ಅಮ್ಮಾ ಎಂದೇ ಕೂಗುತ್ತೇನೆ—