ಮಂಕರಿಗೆ ಬಿದ್ದ ಕಾಡುಬೆಕ್ಕು ಮತ್ತು ನನ್ನ ಅಕ್ಕನ ಹೆಬ್ಬೆಟ್ಟು

ಮಾನ್ಯ ಅರಣ್ಯಾಧಿಕಾರಿಗಳೇ,

ಕಾಡುಬೆಕ್ಕೊಂದನ್ನು ಕೊಲ್ಲದೆ ಬಿಟ್ಟ ತಪ್ಪಿಗೆ ನನ್ನ ಅಕ್ಕ ಕದಿರಮ್ಮ ಈಗ ನಿಮ್ಮ ಮೊಕದ್ದಮೆಯಲ್ಲಿ ಆರೋಪಿ. ಸದ್ದಿಲ್ಲದೆ ಕೊಂದು ತಿಪ್ಪೆಯಲ್ಲಿ ಹೂತಿದ್ದರೆ ಅವಳು ಇವತ್ತು ನೆಮ್ಮದಿಯಾಗಿ ಮೊಮ್ಮಗಳಿಗೆ ಎಣ್ಣೆ ಹಚ್ಚುತ್ತಿದ್ದಳು. ಇದು ಹೇಗಾಯಿತೆಂದು ತಮ್ಮ ಕಡತದಲ್ಲಿ ಇಲ್ಲ. ಆದ್ದರಿಂದ ಊರವರೆಲ್ಲ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಚಿಂತಾಮಣಿಯಲ್ಲಿ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಹತ್ತೊಂಬತ್ತು ವರ್ಷದಿಂದ ಪರರ ಅರ್ಜಿ ಬರೆಯುವವನು. ತಾವು ಬರುವ ಮೊದಲೂ ತಮ್ಮ ಕುರ್ಚಿಗೆ ನಾನು ಬಹಳ ಸಲ ಕೈಮುಗಿದಿದ್ದೇನೆ, ಕಾಗದದ ಮೇಲೆ. ನನ್ನ ಹೆಸರಿನಲ್ಲಿ ಬರೆಯುತ್ತಿರುವುದು ಇದೇ ಮೊದಲು.

ಕೈವಾರದ ಪಕ್ಕದ ಹಳ್ಳಿಯಲ್ಲಿ ಅಕ್ಕ ಅರ್ಧ ಎಕರೆ ಹಿಪ್ಪುನೇರಳೆ ಇಟ್ಟುಕೊಂಡು ರೇಷ್ಮೆ ಹುಳು ಮೇಯಿಸುತ್ತಾಳೆ. ಒಬ್ಬಳೇ ಮಗಳು ವರಲಕ್ಷ್ಮಮ್ಮ ಚೊಚ್ಚಲ ಬಸುರಿಯಾಗಿ ಮನೆಗೆ ಬರುವವಳಿದ್ದಳು. ಬಾಣಂತಿಗೆ ನಾಟಿ ಕೋಳಿ ಸಾರು ಆಗಬೇಕೆಂದು ಅಕ್ಕ ಹಬ್ಬಕ್ಕೂ ಒಂದನ್ನು ಮುಟ್ಟದೆ ಹನ್ನೊಂದು ಕೋಳಿ ಬೆಳೆಸಿದ್ದಳು. ಒಂದೊಂದಾಗಿ ಒಂಬತ್ತನ್ನು ಕಾಡುಬೆಕ್ಕು ಎತ್ತಿಕೊಂಡು ಹೋಯಿತು.

ಮೂರನೆಯದು ಹೋದಾಗಲೇ ಅರ್ಜಿ ಕೊಟ್ಟಿದ್ದೆವು. "ಕೋಳಿಗಳನ್ನು ಮನೆಯೊಳಗೆ ಕೂಡಿಕೊಳ್ಳತಕ್ಕದ್ದು" ಎಂದು ತಮ್ಮ ಕಚೇರಿಯಿಂದ ಉತ್ತರ ಬಂತು. ಎಂಥ ಸೊಗಸಾದ ಸಲಹೆ! ಸ್ವಾಮಿ, ತಾವು ಉಡುವ ರೇಷ್ಮೆ ಪಂಚೆ ಯಾರ ಮನೆಯೊಳಗಿಂದ ಬರುತ್ತದೆಂದು ಎಂದಾದರೂ ಯೋಚಿಸಿದ್ದೀರಾ? ನಮ್ಮ ಕಡೆ ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಹಣ್ಣಾಗುವ ದಿನಗಳಲ್ಲಿ ಮನೆಯ ತುಂಬ ಹುಳುವಿನ ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆ. ಮನುಷ್ಯರೇ ಜಗಲಿಯಲ್ಲಿ ಮಲಗುತ್ತಾರೆ. ಕೋಳಿಯನ್ನು ಒಳಗೆ ಬಿಟ್ಟರೆ ಒಂದು ಗಳಿಗೆಯಲ್ಲಿ ಹುಳುವನ್ನೆಲ್ಲ ಹೆಕ್ಕಿ ಮುಗಿಸುತ್ತದೆ. ಹಾಗಾಗಿ ಆ ದಿನಗಳಲ್ಲಿ ಕೋಳಿಗೆ ಅಂಗಳವೇ ಗತಿ, ಮೇಲೊಂದು ಬಿದಿರಿನ ಮಂಕರಿ ಕವುಚಿ, ಅದರ ಮೇಲೊಂದು ಕಲ್ಲು. ಇದು ಕಾಡುಬೆಕ್ಕಿಗೆ ಗೊತ್ತಿತ್ತು. ತಮ್ಮ ಕಚೇರಿಗೆ ಗೊತ್ತಿರಲಿಲ್ಲ.

ಹೋದ ಆಗಸ್ಟಿನಲ್ಲಿ ಒಂದು ಸಂಜೆ ಅಕ್ಕ ಕೋಳಿ ಕವುಚಲು ಮಂಕರಿಯ ಒಂದು ಬದಿ ಎತ್ತಿದ್ದಳು. ಬೆಕ್ಕು ಕೋಳಿಯ ಬೆನ್ನಟ್ಟಿ ನೇರ ಅದರೊಳಗೇ ನುಗ್ಗಿತು. ಗಾಬರಿಯಲ್ಲಿ ಅವಳು ಕೈ ಬಿಟ್ಟಳು, ಮಂಕರಿ ಕವುಚಿಕೊಂಡಿತು. ಅದು ಬೀಳುವಷ್ಟರಲ್ಲಿ ಕೋಳಿ ಹೇಗೋ ಸಂದಿಯಿಂದ ಆಚೆಗೆ ಹಾರಿತ್ತು. ಪಕ್ಕದ ಮನೆಯ ಎರ್ರಪ್ಪ ದೊಣ್ಣೆ ಹಿಡಿದು ಓಡಿ ಬಂದ.

"ಒಂದೇಟು ಹಾಕಿ ಹೂತಾಕ್ಬಿಡಣ ಕಣಕ್ಕ. ಯಾರ್ಗ್ ಗೊತ್ತಾಗ್ತೈತೆ?"

ಅಕ್ಕ ಬಗ್ಗಿ ಮಂಕರಿಯ ಸಂದಿಯಲ್ಲಿ ನೋಡಿದಳಂತೆ. "ಬ್ಯಾಡ ಕಣಪ್ಪ, ಕೆಚ್ಚಲಲ್ಲಿ ಹಾಲೈತೆ. ಎಲ್ಲೋ ಮರಿ ಹಾಕೈತೆ. ಗೌರ್ಮೆಂಟೋರು ಬಂದು ತಗೊಂಡೋಗಿ ದೂರ ಬಿಡ್ಲಿ" ಅಂದಳು.

ಮರುದಿನ ಬೆಳಿಗ್ಗೆ ನನ್ನ ಮೇಜಿಗೆ ಬಂದಳು. "ಬೆಕ್ಕು ಬಂದು ಮಂಕ್ರಿಗೆ ಬಿದ್ದೈತೆ, ಬಂದು ತಗೊಂಡೋಗಿ ಅಂತ ಬರಿಯಪ್ಪ" ಅಂದಳು, ಅಷ್ಟೇ. ನನ್ನ ಕೈ ಸುಮ್ಮನಿರಬೇಕಲ್ಲ! ಸಪ್ಪೆ ಅರ್ಜಿಗೆ ಕಚೇರಿ ಕದಲುವುದಿಲ್ಲ ಎಂಬುದು ನನ್ನ ಹತ್ತೊಂಬತ್ತು ವರ್ಷದ ಪಾಂಡಿತ್ಯ. "ಸದರಿ ಕ್ರೂರ ಮೃಗವನ್ನು ಬಹು ದಿನಗಳಿಂದ ಹೊಂಚು ಹಾಕಿ, ಪ್ರಾಣದ ಹಂಗು ತೊರೆದು ಸೆರೆಹಿಡಿದಿರುತ್ತೇನೆ" ಎಂದು ಬರೆದೆ. ಯಾರ ಅರ್ಜಿಯನ್ನಾದರೂ ಎರಡು ಸಲ ಓದಿ ಹೇಳದೆ ನಾನು ಹೆಬ್ಬೆಟ್ಟು ಒತ್ತಿಸುವುದಿಲ್ಲ. ಅವತ್ತು ಅವಳ ಬಸ್ಸು ಹೊರಟು ನಿಂತಿತ್ತು, ಸ್ವಂತ ಅಕ್ಕನಿಗೇನು ಓದುವುದು ಅಂದುಕೊಂಡೆ. ಮಸಿ ಹಚ್ಚಿ ಒತ್ತಿಸಿಬಿಟ್ಟೆ.

ತಮ್ಮವರು ಬಂದದ್ದು ಮೂರನೇ ದಿನ. ಬೆಕ್ಕು ನೀರನ್ನೂ ಮುಟ್ಟದೆ ಅರಚುತ್ತಿತ್ತು. ಎರಡನೇ ದಿನವೇ ಅಕ್ಕ ತಡೆಯಲಾರದೆ ಕಲ್ಲು ಸರಿಸಿ ಅದನ್ನು ಬಿಟ್ಟಿದ್ದಳು. "ಚರ್ಮ ಯಾರಿಗೆ ಮಾರ್ದೆ ಹೇಳಮ್ಮ" ಎಂದು ಖಾಲಿ ಮಂಕರಿ ನೋಡಿದ ಗಾರ್ಡು ಗದರಿದರು. ನನ್ನ ಅರ್ಜಿಯೇ ತಪ್ಪೊಪ್ಪಿಗೆಯಾಯಿತು. ಮಂಕರಿ ಸಾಕ್ಷ್ಯವಾಗಿ ತಮ್ಮ ಜೀಪು ಹತ್ತಿತು. ವರಲಕ್ಷ್ಮಮ್ಮ ಹೆತ್ತ ದಿನ, ತಾಯಿ ತಲೆದೆಸೆಯಲ್ಲಿ ಇರಬೇಕಾದ ಹೊತ್ತಿನಲ್ಲಿ, ಅಕ್ಕ ಕೋರ್ಟಿನ ಮೆಟ್ಟಿಲ ಮೇಲೆ ಕೂತು ತನ್ನ ಹೆಸರು ಕೂಗುವುದನ್ನು ಕಾಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತಿದ್ದೆ. ಅವಳು ಬೈಯಲಿಲ್ಲ. "ಓದಿ ಹೇಳಿದ್ರೆ ಹಂಗಲ್ಲ ಅಂತಿದ್ನಲ್ಲೋ" ಅಂದಳು. ಆ ಮಾತು ನೆನೆದರೆ ಇವತ್ತಿಗೂ ನನಗೆ ಅನ್ನ ಸೇರುವುದಿಲ್ಲ.

ಕಾಡುಬೆಕ್ಕಿಗೆ ಕಾನೂನಿನ ರಕ್ಷಣೆ ಬೇಡ ಎಂದು ನಾನು ವಾದಿಸುತ್ತಿಲ್ಲ. ಅಕ್ಕನೂ ಹಾಗೆ ಅನ್ನುವವಳಲ್ಲ, ಅನ್ನುವವಳಾಗಿದ್ದರೆ ಎರ್ರಪ್ಪನ ದೊಣ್ಣೆ ಅಲ್ಲೇ ಇತ್ತಲ್ಲವೇ? ಆದರೆ ಕೋಳಿಯನ್ನು ಉಳಿಸಿಕೊಳ್ಳುವ ದಾರಿ ಯಾವುದೆಂದು ಬಡವರಿಗೆ ಹೇಳುವವರು ಯಾರು? ಈ ಮೊಕದ್ದಮೆಯಾದ ಮೇಲೆ ನಮ್ಮ ಸುತ್ತಿನ ಹಳ್ಳಿಗಳಿಂದ ಕಾಡುಬೆಕ್ಕಿನ ಬಗ್ಗೆ ಒಬ್ಬರೂ ನನ್ನಿಂದ ಅರ್ಜಿ ಬರೆಸಿಲ್ಲ. ತಮ್ಮ ಕಡತದಲ್ಲಿ ಅದು ಶಾಂತಿಯಂತೆ ಕಾಣಬಹುದು. ತಿಪ್ಪೆಗಳನ್ನು ಅಗೆಸಿ ನೋಡಿ.

ನನ್ನ ಬೇಡಿಕೆ ಇಷ್ಟು. ಹೊಂಚು ಹಾಕಿದ್ದು, ಸೆರೆಹಿಡಿದದ್ದು ಎಲ್ಲ ನನ್ನ ಲೇಖನಿಯ ಸುಳ್ಳು. ಅಕ್ಕನ ಹೆಸರು ಹೊಡೆದುಹಾಕಿ, ಶಿಕ್ಷೆ ಬೇಕೇ ಬೇಕೆಂದರೆ ನನ್ನ ಹೆಸರು ಬರೆದುಕೊಳ್ಳಿ. ಹುಳು ಸಾಕುವ ಮನೆಗಳ ಅಂಗಳಕ್ಕೆ ತಂತಿಬಲೆಯ ಗೂಡು ಕೊಡಿಸಿ. ಅವಳ ಮಂಕರಿ ವಾಪಸು ಕೊಡಿ, ಉಳಿದ ಎರಡು ಕೋಳಿಯಲ್ಲಿ ಒಂದು ಕಾವಿಗೆ ಕೂತಿದೆ.

ಈ ಪತ್ರವನ್ನು ಅಕ್ಕನ ಮುಂದೆ ಎರಡು ಸಲ ಓದಿದೆ. ಬಿಡುವುದು, ಸೇರಿಸುವುದು ಏನಾದರೂ ಇದೆಯೇ ಎಂದು ಕೇಳಿದೆ. "ಎರಡು ದಿನ ಹಾಲಿಲ್ದೆ ಆ ಮರಿಗಳು ಉಳ್ಕೊಂಡ್ವಾ ಅಂತ ಕೇಳಿ ಬರಿಯಪ್ಪ. ಅವ್ರಿಗೆ ಗೊತ್ತಿರ್ತೈತೆ" ಅಂದಳು.

ಅವಳು ಹೇಳಿದಂತೆಯೇ ಬರೆದಿದ್ದೇನೆ. ಉತ್ತರ ಕೊಡಿ.

ಇಂತಿ,
ಊರಿಗೆಲ್ಲ ಓದಿ ಹೇಳಿ ಒಡಹುಟ್ಟಿದವಳಿಗೆ ಓದಿ ಹೇಳದ,
ವೆಂಕಟರವಣಪ್ಪ
ಅರ್ಜಿ ಬರೆಯುವವನು, ಚಿಂತಾಮಣಿ
೧೯೯೩