ಬಳೆ ತೆಗೆದಿಟ್ಟು ರೆಕಾರ್ಡ್ ಮಾಡಿದವರಿಗೆ

ಗದಗ, ನೆರಳಿನ ನೂರಾ ಹನ್ನೆರಡನೆಯ ವರ್ಷ, ಎರಡನೆಯ ಬೇಸಿಗೆಯ ನಲವತ್ತೇಳನೆಯ ದಿನ

ಹೆಸರು ಗೊತ್ತಿಲ್ಲದ ಅಕ್ಕನಿಗೆ ನೀಲಗಂಗಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಲೆಕ್ಕದಲ್ಲಿ ಅದು ಇನ್ನೂರು ವರ್ಷಗಳ ಆಚೆಗೆ ಬರುತ್ತದೆ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಊರ ಬೀದಿಗಳ ಮೇಲೆ ಮೊದಲ ಸಲ ನೆರಳುಬಟ್ಟೆ ಕಟ್ಟಿದ ದಿನದಿಂದ ನಾವು ವರ್ಷ ಎಣಿಸುತ್ತೇವೆ. ಆ ಬಟ್ಟೆ ಹೊಲಿಯುವುದೇ ನನ್ನ ಕಸುಬು. ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಮನ್ನಿಸಿ. ನಿಮ್ಮ ಕಾಲದ ಮಾತನ್ನು ನಾನು ಕಲಿತದ್ದು ನಿಮ್ಮದೇ ರೆಕಾರ್ಡಿಂಗಿನಿಂದ, ಅದರಲ್ಲಿ ಅರ್ಧ ಬೈಗುಳವೇ ಇದೆ. ಬಳೆ ತೆಗೆಯುವ ಮಾತು ನಿಮ್ಮಲ್ಲಿ ಶುಭವಲ್ಲವೆಂದು ಓದಿದ್ದೇನೆ. ಅದಕ್ಕೂ ಮನ್ನಿಸಿ, ನಿಮ್ಮನ್ನು ಕರೆಯಲು ನನಗೆ ಬೇರೆ ಗುರುತಿಲ್ಲ.

ಇಂಥ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಹಿಂದಿನವರಿಗೆ ಬರೆಯುವ ಓಲೆ ಎಂದರ್ಥ. ಊರಿಗೊಂದು ಹಿಂದೋಲೆ ಕಚೇರಿ ಇದೆ, ವರ್ಷಕ್ಕೊಂದು ಓಲೆ ಕೊಡಬಹುದು. ಅದು ನಿಜವಾಗಿ ಮುಟ್ಟುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನನ್ನ ನೆರೆಯವರು ತೀರಿಹೋದ ತಾಯಿಗೆ ಬರೆಯುತ್ತಾರೆ. ನಾನು ಅರವತ್ತೊಂದು ವರ್ಷ ಯಾರಿಗೂ ಬರೆದಿರಲಿಲ್ಲ. ಈಗ ಬರೆಯುತ್ತಿದ್ದೇನೆ, ನೀವಿನ್ನೂ ಆ ರೆಕಾರ್ಡಿಂಗಿನ ಸಂಜೆ ಮನೆಯಿಂದ ಹೊರಟಿಲ್ಲ ಎಂದು ನಂಬಿಕೊಂಡು.

ಮೊದಲು ನಮ್ಮ ಕಿವಿಗಳ ಬಗ್ಗೆ ಹೇಳಬೇಕು. ನಮ್ಮಲ್ಲಿ ಎಲ್ಲರಿಗೂ ಒಳಗಿವಿ ಇರುತ್ತದೆ. ಚಿಕ್ಕಂದಿನಲ್ಲೇ ಕಿವಿಯೊಳಗೆ ಕೂರಿಸುವ ಸಣ್ಣ ಯಂತ್ರ ಅದು. ಹಾಡನ್ನು ಅದೇ ಕಟ್ಟಿಕೊಡುತ್ತದೆ, ಕೇಳುವವರ ಮನಸ್ಸು ನೋಡಿಕೊಂಡು. ನನಗೆ ಬೇಸರವಾಗಿದ್ದರೆ ನನಗೆ ಬೇಕಾದಂಥ ಹಾಡು, ಅದೂ ನನಗೊಬ್ಬಳಿಗೇ. ಪಕ್ಕದಲ್ಲಿ ಕೂತವಳಿಗೆ ಬೇರೆ ಹಾಡು. ಇಬ್ಬರು ಒಂದೇ ಹಾಡು ಕೇಳಿದೆವು ಎಂಬ ಮಾತೇ ನಮ್ಮಲ್ಲಿಲ್ಲ. ಒಂದು ಬ್ಯಾಂಡನ್ನು ಮೆಚ್ಚುವುದು, ಅದಕ್ಕಾಗಿ ಜಗಳವಾಡುವುದು, ಬೆವರು ನಾರುವ ಅಪರಿಚಿತರ ನಡುವೆ ನಿಂತು ಬಾಯಿತುಂಬ ಕೂಗುವುದು, ಇವನ್ನೆಲ್ಲ ನಾವು ಪುಸ್ತಕದಲ್ಲಿ ಓದಿದ್ದಷ್ಟೇ. ಎಲ್ಲರೂ ಸುಖವಾಗಿದ್ದಾರೆ. ನಾನೂ ಸುಖವಾಗಿಯೇ ಇರಬೇಕಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಫಕೀರಪ್ಪಜ್ಜ ಎಂಬುವರ ಮನೆಗೆ ನೆರಳುಬಟ್ಟೆ ಕಟ್ಟಲು ಹೋಗಿದ್ದೆ. ಒಳಗೆ ಆರು ಜನ ಒಳಗಿವಿ ಬಂದ್ ಮಾಡಿಕೊಂಡು, ಹಳೆಯ ಸ್ಪೀಕರಿನ ಸುತ್ತ ಕೂತಿದ್ದರು. ನಿಮ್ಮ ರೆಕಾರ್ಡಿಂಗು ಓಡುತ್ತಿತ್ತು. ಹಳೆಯ ಹತ್ತಿ ಗಿರಣಿಯ ಶೆಡ್ಡು, ಒಂದು ಭಾನುವಾರ, 'ಹದಿನಾಲ್ಕನೇ ಮೈಲು' ಎಂಬ ಬ್ಯಾಂಡು. ನಿಜ ಹೇಳುತ್ತೇನೆ, ಬೇಸರಿಸಬೇಡಿ, ಅವರೇನು ಅಂಥ ಘನವಾದ ಬ್ಯಾಂಡಲ್ಲ. ಹಾಡುವವನಿಗೆ ಮೇಲಿನ ಸ್ವರ ಎಟುಕುವುದಿಲ್ಲ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂಬಂತೆ ಬಾಸ್ ಗಿಟಾರಿನವನು ತನ್ನ ಪಾಡಿಗೆ ತಾನು ಹೋಗುತ್ತಾನೆ. ಆದರೆ ನಾನು ಏಣಿ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ. ಆರು ಜನರ ಮುಖ ಒಂದೇ ಗಳಿಗೆಯಲ್ಲಿ ಅರಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅವರದೊಂದು ಪದ್ಧತಿಯಿತ್ತು. ಆ ರೆಕಾರ್ಡಿಂಗಿನಲ್ಲಿ ಕೇಳಿಸುವ ಜನರಲ್ಲಿ ಒಬ್ಬೊಬ್ಬರನ್ನು ಒಬ್ಬೊಬ್ಬರು ವಹಿಸಿಕೊಳ್ಳುವುದು. ಅದಕ್ಕೆ 'ನಿಲ್ಲುವುದು' ಎನ್ನುತ್ತಿದ್ದರು. ಡ್ರಮ್ಮು ಓಡುತ್ತಿರುವಾಗ ಗುಂಪಿನಲ್ಲಿ ಏಳು ಸಲ ಸೀನುವ ಒಬ್ಬನಿದ್ದಾನಲ್ಲ, ಅವನಿಗಾಗಿ ಫಕೀರಪ್ಪಜ್ಜ ನಿಂತಿದ್ದರು. ಅವನ ಗೆಳೆಯ "ಲೇ ದೋಸ್ತ, ಸೀನೂದಿದ್ರ ತಾಳಕ್ಕರ ಸೀನಲೇ" ಎನ್ನುವಾಗ ಅಜ್ಜನಿಗೆ ಪ್ರತಿ ಸಲವೂ ಹೊಸದೆಂಬಂತೆ ನಗು. ಬಸ್ಸಿನ ಚಿಂತೆಯ ಹುಡುಗಿಗೆ ಹುಸೇನಬಿ ನಿಂತಿದ್ದರು. "ಇದೊಂದು ಹಾಡು ಮುಗೀಲಿ, ಹೊಂಡೂಣು. ಬಸ್ ತಪ್ಪಿದ್ರ ನಮ್ಮವ್ವ ಮನಿಯೊಳಗ ಕರಕೊಳ್ಳಂಗಿಲ್ಲ" ಎಂದು ಆ ಹುಡುಗಿ ನಾಲ್ಕು ಹಾಡಿಗೂ ಹೇಳುತ್ತಾಳೆ, ಹೋಗುವುದಿಲ್ಲ. ಹಾಡು ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ನೆನಪು ಹೇಳುತ್ತಿದ್ದರು, ತಾವೇ ಅಲ್ಲಿ ಇದ್ದವರ ಹಾಗೆ. ಶೆಡ್ಡಿನ ತಗಡು ಹೇಗೆ ಕಾದಿತ್ತು, ಯಾರು ಯಾರ ಕಾಲು ತುಳಿದರು, ಬಸ್ಸು ತಪ್ಪಿಸಿಕೊಂಡ ಹುಡುಗಿ ಮನೆಗೆ ಹೇಗೆ ಹೋದಳು. ಹುಸೇನಬಿ ಅವಳನ್ನು ಒಮ್ಮೆ ಟ್ರ್ಯಾಕ್ಟರಿನಲ್ಲಿ ಕಳಿಸುತ್ತಿದ್ದರು, ಒಮ್ಮೆ ನಡೆಸಿಕೊಂಡೇ ಹೋಗುತ್ತಿದ್ದರು. ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ನಾನು ಕೊನೆಗೆ ಬಂದವಳು. ಕೊನೆಗೆ ಬಂದವರಿಗೆ ತಳ ಹಿಡಿದ ಅನ್ನ. ಮಾತಾಡುವವರೆಲ್ಲ ಹಂಚಿಹೋಗಿದ್ದರು. ಉಳಿದವರು ನೀವೊಬ್ಬರೇ, ರೆಕಾರ್ಡ್ ಮಾಡಿದವರು. ಶುರುವಿನಲ್ಲಿ ಎಂಟು ಸಣ್ಣ ಸದ್ದು ಬರುತ್ತದೆ. ಗಾಜಿನ ಬಳೆಗಳನ್ನು ಒಂದೊಂದಾಗಿ ತೆಗೆದು ಚೀಲಕ್ಕೆ ಹಾಕಿದ ಸದ್ದು ಎಂದು ತಿಳಿಯಲು ನಮಗೆ ಎರಡು ವರ್ಷ ಹಿಡಿಯಿತು. ಹಾಡಿನ ನಡುವೆ ಬಳೆ ಸದ್ದಾಗಬಾರದೆಂದು ತೆಗೆದಿರಿ. ಆಮೇಲೆ ಒಂದೂವರೆ ಗಂಟೆ ನಿಮ್ಮದು ಒಂದು ಮಾತಿಲ್ಲ, ಒಂದು ಕೂಗಿಲ್ಲ, ಒಂದು ಚಪ್ಪಾಳೆಯಿಲ್ಲ. ಕಿವಿಗೊಟ್ಟು ಕೇಳಿದರೆ ಉಸಿರು ಕೇಳಿಸುತ್ತದೆ. ನಿಮ್ಮ ಇಷ್ಟದ ಹಾಡು ಯಾವುದು ಎಂದು ನನಗೆ ಗೊತ್ತು, ಐದನೆಯದು. ಅದು ಶುರುವಾದಾಗ ನಿಮ್ಮ ಉಸಿರು ಒಂದು ಕ್ಷಣ ನಿಲ್ಲುತ್ತದೆ. ಇಷ್ಟಪಟ್ಟವರು ಕೂಗದೆ ಇರುವುದು ಎಷ್ಟು ಕಷ್ಟ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ನೀವು ಸುಮ್ಮನಿದ್ದದ್ದರಿಂದ ನಾನೂ ಸುಮ್ಮನಿರಬೇಕಾಯಿತು. ನನ್ನ ಸರದಿ ಬಂದಾಗ ಎಲ್ಲರೂ ಮರ್ಯಾದೆಯಿಂದ ನನ್ನ ಕಡೆ ತಿರುಗುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ, ಸರದಿ ಮುಂದಿನವರಿಗೆ ಹೋಗುತ್ತಿತ್ತು. ಏನಾದರೂ ಕಟ್ಟಿ ಹೇಳಬಹುದಿತ್ತು. ಮನಸ್ಸು ಬರಲಿಲ್ಲ. ಬಾಯಿ ಬಿಡದವರ ಪರವಾಗಿ ಸುಳ್ಳು ಹೇಳುವುದು ತಪ್ಪೆನಿಸಿತು. ಜನರ ನಡುವೆಯೇ ಕೂತು ಒಬ್ಬಳೇ ಇರುವುದು ಏನೆಂದು ನಾನು ಆ ಮನೆಯಲ್ಲಿ ಕಲಿತೆ, ಆದರೂ ಒಂದು ವಾರವೂ ತಪ್ಪಿಸಲಿಲ್ಲ.

ಈಗ ಆ ಕೂಟ ಇಲ್ಲ. ನಾಲ್ವರು ತಂಪಿನ ಊರುಗಳಿಗೆ ಹೋಗಿ ಅಲ್ಲೇ ತೀರಿಕೊಂಡರು, ಫಕೀರಪ್ಪಜ್ಜ ಹೋಗಿ ಮೂರು ವರ್ಷವಾಯಿತು. ಉಳಿದದ್ದು ನಾನು, ಹುಸೇನಬಿ. ಹೋದ ಬೇಸಿಗೆಯಲ್ಲಿ ಅವರಿಗೆ ಹೊಸ ಒಳಗಿವಿ ಕೂರಿಸಿದರು. ಅದನ್ನು ಬಂದ್ ಮಾಡಲು ಬರುವುದಿಲ್ಲ, ಗದ್ದಲವನ್ನು ತಾನಾಗಿಯೇ ಸೋಸಿಬಿಡುತ್ತದೆ. ನಾನು ರೆಕಾರ್ಡಿಂಗು ಹಾಕಿದೆ. ಹುಸೇನಬಿ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಆಮೇಲೆ ನನ್ನ ಕೈ ಹಿಡಿದು, "ಗಂಗವ್ವಾ, ಇದರಾಗ ಯಾರೂ ಇಲ್ಲಲ್ಲವಾ" ಎಂದರು. ಬಸ್ಸಿನ ಹುಡುಗಿ ಅದೇ ಗಳಿಗೆಯಲ್ಲಿ ಮಾತಾಡುತ್ತಿದ್ದಳು. ನಾನು ಅತ್ತುಬಿಟ್ಟೆ.

ಇನ್ನು ವಿಷಯಕ್ಕೆ ಬರುತ್ತೇನೆ. ಹಳೆಯ ಧ್ವನಿಗಳನ್ನು ಕಾಯುವ ಕಚೇರಿಗೆ ನಮ್ಮಲ್ಲಿ ತಿಳಿಮನೆ ಎನ್ನುತ್ತಾರೆ. ಮನೆಗಳಲ್ಲಿ ಉಳಿದ ಪ್ರತಿಗಳನ್ನೂ ಈಗ ಅಲ್ಲಿಗೆ ಒಪ್ಪಿಸಬೇಕು, ನಮ್ಮದರ ಸರದಿ ಬಂದಿದೆ. ಕಾಯುವುದೆಂದರೆ ತೊಳೆಯುವುದು: ಸೀನು, ಮಾತು, ಬೈಗುಳ ಎಲ್ಲ ತೆಗೆದು ಬರೀ ಹಾಡು ಉಳಿಸುವುದು. ಜನರ ಸದ್ದು ತಮಗೆ ಕೇಳಿಸುತ್ತದೆ ಎಂದು ಇಬ್ಬರು ಸಾಕ್ಷಿ ಹೇಳಿದರೆ ಮಾತ್ರ ಅದನ್ನು ಇದ್ದಂತೆಯೇ ಬಿಡುತ್ತಾರೆ. ಹುಸೇನಬಿ ಕೇಳಲಾರದ್ದಕ್ಕೆ ಸಾಕ್ಷಿ ಹೇಳಲಾರರು. ಮೇಜಿನ ಹಿಂದೆ ಕೂತಿದ್ದ ಹೆಂಗಸು ಒಳ್ಳೆಯವಳೇ. "ಒಬ್ರ ಸಾಕ್ಷಿ ನಡಿಯಂಗಿಲ್ರಿ ಅಕ್ಕಾರ. ರೆಕಾರ್ಡ್ ಮಾಡಿದವ್ರು ಅದರೊಳಗ ತಮ್ಮ ಹೆಸರು ಹೇಳಿದ್ರ, ಅವ್ರನ್ನ ಎರಡನೇ ಸಾಕ್ಷಿ ಅಂತ ಹಿಡಿತೀವಿ" ಎಂದಳು. ನಾನು ಮನೆಗೆ ಬಂದು ಒಂಬತ್ತು ಸಲ ಕೇಳಿದೆ. ನೀವು ಹೇಳಿಲ್ಲ. ನಾಳೆ ಮಧ್ಯಾಹ್ನ ತೊಳೆಯುತ್ತಾರೆ. ಆಮೇಲೆ ಎಟುಕದ ಸ್ವರದ ಆ ಹಾಡುಗಾರ ಖಾಲಿ ಶೆಡ್ಡಿನಲ್ಲಿ ಒಬ್ಬನೇ ಹಾಡುತ್ತಿರುತ್ತಾನೆ.

ಅದಕ್ಕೆ ಕೇಳಿಕೊಳ್ಳುತ್ತೇನೆ. ಆರನೆಯ ಹಾಡಿನ ನಡುವೆ ಗಿಟಾರಿನ ತಂತಿ ಹರಿಯುತ್ತದೆ. ಎಲ್ಲರೂ ನಿಲ್ಲಿಸುತ್ತಾರೆ. ಹನ್ನೊಂದು ಸೆಕೆಂಡು ಯಾರೂ ಏನೂ ಮಾಡುವುದಿಲ್ಲ. ಆಗ ನಿಮ್ಮ ಹೆಸರು ಹೇಳಿ. ಮೆಲ್ಲಗೆ ಹೇಳಿದರೂ ಸಾಕು, ಮೈಕು ನಿಮ್ಮ ಕೈಯಲ್ಲೇ ಇದೆ. ಅಷ್ಟು ಜೋಪಾನ ಮಾಡಿದ ರೆಕಾರ್ಡಿಂಗು ಕೆಡುತ್ತದೆ ಎಂದು ನಿಮಗೆ ಅನ್ನಿಸಬಹುದು. ಕೆಡಲಿ ಅಕ್ಕಾ.

ಒಂದು ಮಾತು ಯೋಚಿಸಿ ನೋಡಿದ್ದೇನೆ. ನೀವು ಹೇಳಿದರೆ ಅದು ನಾಳೆಯಿಂದಲ್ಲ, ಮೊದಲಿಂದಲೇ ಅಲ್ಲಿರುತ್ತದೆ. ನೀವು ಸುಮ್ಮನಿದ್ದಿರಿ ಎಂಬುದು ನನಗೆ ನೆನಪೇ ಇರುವುದಿಲ್ಲ, ಈ ಓಲೆ ಬರೆದದ್ದೂ ಇರುವುದಿಲ್ಲ. ನಿಮಗೆ ಕೃತಜ್ಞತೆ ಹೇಳಬೇಕೆಂದೂ ನನಗೆ ತಿಳಿಯುವುದಿಲ್ಲ, ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ. ಏಣಿ ಗೋಡೆಗೆ ಒರಗಿಸಿ ಒಳಗೆ ಬಂದ ಮೊದಲ ದಿನವೇ ಎಲ್ಲರೂ ನನ್ನ ಕಡೆ ತಿರುಗಿದಾಗ, ನಾನು ತಲೆಯಾಡಿಸುವುದಿಲ್ಲ. ನಿಮ್ಮ ಹೆಸರು ಹೇಳುತ್ತೇನೆ.