ಬಾಣಂತಿಯಲ್ಲದವಳ ಮೆಂತ್ಯದುಂಡಿ

೧೨ ಮಾರ್ಚ್ ೨೦೦೩, ಗುಲಬರ್ಗಾ. ಬೆಳಿಗ್ಗೆ ೬
ನೆನೆಸಿದ ಮೆಂತ್ಯ ನುಂಗಿ ನೀರು ಕುಡಿದೆ. ಮುಖ ಹಿಂಡುವಷ್ಟು ಕಹಿ. ಐದು ತಿಂಗಳಿಂದ ಮುಟ್ಟಾಗಿಲ್ಲ. ಬಸಿರೂ ಅಲ್ಲ — ಪಿಸಿಓಡಿ, ಅಂಡಾಶಯದ ತೊಂದರೆ. ಇನ್ಸುಲಿನ್ ಇದ್ದರೂ ಮೈ ಅದರ ಮಾತು ಕೇಳುತ್ತಿಲ್ಲವಂತೆ. ಮಾತ್ರೆ, ನಡಿಗೆ, ಸಿಹಿ ಬಂದ್. ಜೊತೆಗೆ ಮೆಂತ್ಯ ಬೇಕಾದರೆ ತಿನ್ನಿ ಎಂದರು ಡಾಕ್ಟರ್. ಮುಟ್ಟು ಸರಿಯಾಗದೆ ಮಗು ಕಷ್ಟ. ನನಗೆ ಮಗು ಬೇಕು. ಇದನ್ನು ಈ ಡೈರಿ ಬಿಟ್ಟು ಇನ್ನೆಲ್ಲಿ ಬರೆಯಲಿ?

ಹಿತ್ತಲ ಕೋಣೆಯಲ್ಲಿ, ಮುಟ್ಟಾದಾಗ ದೂರ ಕೂಡುವ ನನ್ನ ಚಾಪೆ ಸುತ್ತಿದ್ದು ಸುತ್ತಿದಂತೆಯೇ ಇದೆ. ಅತ್ತೆ ದಿನಾ ಅದನ್ನು ನೋಡುತ್ತಾರೆ. ಬಾಯಿಬಿಟ್ಟು ಕೇಳುವುದಿಲ್ಲ.

೬ ಏಪ್ರಿಲ್, ಕಮಲಾಪುರ
ತವರು. ಕಹಿ ಎಂದಿದ್ದೇ ತಪ್ಪಾಯಿತು. ಅವ್ವ ಡಬ್ಬಿ ತುಂಬ ಮೆಂತ್ಯದುಂಡಿ ಕಟ್ಟಿದಳು. ಬೆಲ್ಲ, ತುಪ್ಪ, ಒಣಕೊಬ್ಬರಿ...
"ಅವ್ವಾ, ಇದು ಬಾಣಂತೇರು ತಿನ್ನೋದು."
"ಮೆಂತ್ಯ ಅಂದ್ರ ಮೆಂತ್ಯನೇ. ಸುಮ್ಮ ತಿನ್ನು."
ಪಕ್ಕದ ಮನೆಯ ಖುರ್ಷೀದ್ ಬೇಗಂ ಡಬ್ಬಿ ನೋಡಿ ನಕ್ಕರು. "ಮುಬಾರಕ್ ಅನ್ಲೇನವಾ?"
ಅವ್ವನೂ ನಾನೂ ತಲೆ ತಗ್ಗಿಸಿದೆವು.

೧೧ ಮೇ, ಗುಲಬರ್ಗಾ
ದಿನಕ್ಕೆ ಮೂರು ಉಂಡಿ ತಿಂದೆ. ಔಷಧವಲ್ಲವೇ, ಬಿಡಬಾರದಲ್ಲ! ತೂಕ ಎರಡೂವರೆ ಕಿಲೋ ಏರಿದೆ. ಡಾಕ್ಟರ್ ಪೆನ್ನು ಕೆಳಗಿಟ್ಟರು.
"ಬೆಲ್ಲ ಎಷ್ಟು ಹಾಕ್ಯಾರ್ರೀ?"
"ಮೆಂತ್ಯದ ನಾಕು ಪಟ್ಟು ರೀ."
ಡಾಕ್ಟರ್ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ.
"ಉಳಿದ ಉಂಡಿ ಮಂದಿಗೆ ಹಂಚ್ತೇನಿ. ಡಬ್ಬಿ ಇಡ್ತೇನಿ. ನಿನ್ನ ಬಾಣಂತನಕ್ಕ ಬೇಕಾಗ್ತದ."

೩ ಜುಲೈ
ಮಾತ್ರೆ, ನಡಿಗೆ, ಕಹಿ ನೀರು. ಅತ್ತೆ ನನ್ನ ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ. ಈಗ ತಮ್ಮದಕ್ಕೂ ಇಲ್ಲ. ಬರೆಯುವಂಥದ್ದೇನೂ ಇಲ್ಲ.

೧೪ ಆಗಸ್ಟ್, ಬೆಳಿಗ್ಗೆ ೧೦
ರಾಯರ ಆರಾಧನೆ. ಇಪ್ಪತ್ತು ಎಲೆ. ಅತ್ತೆ, ನಾನು ಮಡಿಯುಟ್ಟು ಅಡುಗೆಗೆ ನಿಂತಿದ್ದೆವು. ಹೋಳಿಗೆ ಕಣಕ ನಾದುವಾಗ ಮುಟ್ಟಾದದ್ದು ಗೊತ್ತಾಯಿತು. ಕೈ ಅಲ್ಲೇ ನಿಂತಿತು. ಮಾಡಿದ್ದೆಲ್ಲ ಮೈಲಿಗೆ. ಹೇಗೆ ಹೇಳಲಿ? ಹೇಳಿದೆ.

ಅತ್ತೆ ಒಲೆ ಆರಿಸಿದರು. ನನ್ನ ಹಿಂದೆಯೇ ಹಿತ್ತಲಿಗೆ ಬಂದರು. ಆ ಚಾಪೆ ಮುಟ್ಟಿದರೆ ಅವರ ಮಡಿಯೂ ಹೋಯಿತು. ತಾವೇ ಬಿಚ್ಚಿ, ಧೂಳು ಕೊಡವಿ, ಹಾಸಿದರು.
"ಅತ್ತಿ, ಮಡಿ..."
"ಮತ್ತ ಮೈ ತೊಳ್ಕೊಂಡು ಮೊದಲಿಂದ ಮಾಡ್ತೇನಿ. ಇಪ್ಪತ್ತು ಮಂದಿ ಇವತ್ತ ತಡಾ ಮಾಡಿ ಉಣ್ಲಿ. ನೀ ಕೂಡು."

ಬಚ್ಚಲಲ್ಲಿ ನೀರು ಸುರಿಯುವ ಸದ್ದು. ಮಾತ್ರೆಯಿಂದಲೋ, ನಡಿಗೆಯಿಂದಲೋ, ಮೆಂತ್ಯದಿಂದಲೋ — ಯಾರಿಗೆ ಗೊತ್ತು. ಈ ಕೋಣೆಯನ್ನು ಎಷ್ಟು ವರ್ಷ ಬೈದಿದ್ದೇನೆ. ಇವತ್ತು ಇಲ್ಲೇ ಕೂತು ಖುಷಿಗೆ ಅಳುತ್ತಿದ್ದೇನೆ. ಮುಂದಿನ ತಿಂಗಳೂ ಇಲ್ಲಿ ಕೂಡಬೇಕು. ಅದರ ಮುಂದಿನ ತಿಂಗಳೂ. ಆಮೇಲೆ, ಒಂಬತ್ತು ತಿಂಗಳು ಈ ಚಾಪೆ ಬಿಚ್ಚದೆ ಸುತ್ತಿದಂತೆಯೇ ಇರಬೇಕು.